ತೊಂಬತ್ತು ಮಿಲಿಮೀಟರ್

ಈ ದೇಶದಲ್ಲಿ ಮನೆಯನ್ನು ಮಿಲಿಮೀಟರಿನಲ್ಲಿ ಎಣಿಸುತ್ತಾರೆ.
ಮೂರು ಸಾವಿರದ ಆರುನೂರು ಅಂದರೆ
ಒಂದು ಮಂಚ, ಪಕ್ಕಕ್ಕೆ ಸರಿದು ನಡೆಯುವಷ್ಟು ಜಾಗ,
ಬಾಗಿಲು ಪೂರ್ತಿ ತೆರೆಯದ ಒಂದು ಬೀರು.
ಅತ್ತೆ ಇನ್ನೂ ಮೊಳದಲ್ಲೇ ಇದ್ದಾರೆ.
ನಕ್ಷೆಯ ಮೇಲೆ ಗೇಣು ಹಾಕಿ ಕೇಳುತ್ತಾರೆ,
"ಇಷ್ಟ ಏನು ಅಡಿಗಿಮನಿ?"

ಬ್ಯಾಲರಾಟ್‌ನ ಬಾಡಿಗೆ ಮನೆ, ಊಟದ ಮೇಜು,
ಅದರ ಮೇಲೆ ಆರನೆಯ ನಕ್ಷೆ. ಮೂಲೆಯಲ್ಲಿ 'ಎಫ್'.
'ಎ'ಯಲ್ಲಿ ನಮಗೆ ಎರಡು ಹಜಾರಗಳಿದ್ದವು.
'ಬಿ' ಯಾಕೆ ಬದಲಾಯಿತೋ ಯಾರಿಗೂ ನೆನಪಿಲ್ಲ.
ಆಮೇಲೆ ಬ್ಯಾಂಕಿನವನ ಫೋನು ಬಂತು, ಮೆಟ್ಟಿಲು ಹೋಯಿತು,
ಮೆಟ್ಟಿಲ ಜೊತೆಗೇ ಹೋಯಿತು
ಇಂಚರ ಆಗಲೇ ಬಣ್ಣ ಆರಿಸಿಟ್ಟಿದ್ದ ಮಹಡಿಯ ಕೋಣೆ.
ಮೂರು ದಿನ ಅವಳು ನಮ್ಮೊಡನೆ ಮಾತಾಡಲಿಲ್ಲ.

ಗವಿಸಿದ್ದ ಹಟ ಹಿಡಿದು ತೆಂಕಲಿಗೆ ಇಡಿಸಿದ್ದ
ಆಳೆತ್ತರದ ಕಿಟಕಿ ನೋಡಿ
ನಕ್ಷೆ ಬರೆಯುವ ಮೊರಾಗ್ ಪೆನ್ಸಿಲು ಕಚ್ಚಿದಳು.
ಇಲ್ಲಿ ಸೂರ್ಯ ಬಡಗಲಲ್ಲಿ ನಡೆಯುವವನು,
ತೆಂಕಲಿಂದ ಬರುವುದು ಹಿಮದ ಗಾಳಿ ಮಾತ್ರ.
ಹದಿನಾಲ್ಕು ವರ್ಷ ಈ ನೆಲದಲ್ಲಿ ಲಾರಿ ಓಡಿಸಿದವನು
ಮನೆ ಅಂದ ಕೂಡಲೇ
ಕೊಪ್ಪಳದ ಸೂರ್ಯನನ್ನೇ ನಂಬಿಬಿಟ್ಟಿದ್ದ.
ಉತ್ತರಕ್ಕೆ ತಿರುಗಿಸಿ, ಅಂದಳು ಮೊರಾಗ್.
ನಮ್ಮ ಮಾತಿನಲ್ಲಿ ಅದಕ್ಕೆ ಎರಡು ಅರ್ಥ, ಅಂದೆ.
ಗಂಟೆಯ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವವಳು,
ಸುಮ್ಮನೆ ನಕ್ಕಳು.

ಈಶಾನ್ಯ ಮೂಲೆಯಲ್ಲಿ ಒಂದೂವರೆ ಮೀಟರು
ನಾನೇ ಎತ್ತಿಟ್ಟಿದ್ದೆ, ಅತ್ತೆ ಕೇಳುವ ಮೊದಲೇ,
ಒಳ್ಳೆಯ ಸೊಸೆಯ ಹಾಗೆ.
ಅವರು ಕನ್ನಡಕ ಏರಿಸಿ ನೋಡಿದರು.
"ಇದು ಯಾರ ಖೋಲಿ?"
ದೇವರದು, ಅಂದೆ.
ಕೊರಳ ಕರಡಿಗೆ ಹಿಡಿದು ತೋರಿಸಿದರು.
"ಅಂವ ಇಲ್ಲೇ ಅದಾನ. ಅಂವಗ ಬ್ಯಾರೆ ಮನಿ ಯಾಕ?
ಆ ಜಾಗಾ ನನ್ನ ರೊಟ್ಟಿಗಿ ಕೊಡು."

ರೊಟ್ಟಿ.
ಅದನ್ನು ಯಾರಿಗೂ ಹೇಳಿರಲಿಲ್ಲ ನಾನು.
ವಾರಕ್ಕೆ ನಾಲ್ಕು ರಾತ್ರಿ ಹೆರಿಗೆ ವಾರ್ಡು.
ಬೆಳಿಗ್ಗೆ ಎಂಟಕ್ಕೆ ಬಂದು, ಪರದೆ ಎಳೆದು,
ಪಾದ ಬೆಚ್ಚಗಾಗಿ ಕಣ್ಣು ಹತ್ತುವ ಹೊತ್ತಿಗೆ
ಗೋಡೆಯಾಚೆ ತಪ್ ತಪ್ ತಪ್ ತಪ್,
ಹತ್ತು ರೊಟ್ಟಿ, ಒಂದೊಂದಕ್ಕೂ ನೂರೆಂಟು ಪೆಟ್ಟು.
ಬಾಡಿಗೆ ಗೋಡೆಯೊಳಗೆ ಏನೂ ಇಲ್ಲ,
ಎರಡು ಹಲಗೆ, ನಡುವೆ
ತೊಂಬತ್ತು ಮಿಲಿಮೀಟರ್ ಗಾಳಿ.
ಆರು ವರ್ಷ ತಲೆದಿಂಬು ಕಿವಿಗೊತ್ತಿ ಬೈದುಕೊಂಡಿದ್ದೇನೆ.
ಸಂಜೆ ಎದ್ದು ತಟ್ಟೆಯ ಮುಂದೆ ಕೂತು
ಇನ್ನೊಂದು ಹಾಕಿಸಿಕೊಂಡಿದ್ದೇನೆ.

ಮೊರಾಗ್‌ಗೆ ಗುಟ್ಟಾಗಿ ಬರೆದೆ:
ನನ್ನ ಕೋಣೆ ಅಡುಗೆಮನೆಯಿಂದ ಆದಷ್ಟು ದೂರ ಇರಲಿ,
ಕಾರಣ ಕೇಳಬೇಡ.
'ಎಫ್'ನಲ್ಲಿ ಹಾಗೇ ಆಗಿದೆ. ನಡುವೆ ಬಚ್ಚಲು, ಲಾಂಡ್ರಿ,
ದುಪ್ಪಡಿ ಇಡುವ ಕಪಾಟು, ಉಣ್ಣೆ ತುಂಬಿದ ಎರಡು ಗೋಡೆ.
ಸದ್ದಿಗೆ ನನ್ನ ತನಕ ಬರಬೇಕಾದರೆ
ಯಾರನ್ನಾದರೂ ದಾರಿ ಕೇಳಬೇಕು.

ಭಾನುವಾರ ಸೈಟಿಗೆ ಹೋದೆವು.
ಗೂಟ ಹೊಡೆದು ಗುಲಾಬಿ ದಾರ ಕಟ್ಟಿದ್ದರು.
ಕಾಗದದ ಮೇಲೆ ಅಷ್ಟು ಜಗಳಕ್ಕೆ ಜಾಗ ಕೊಟ್ಟ ಮನೆ
ಆಕಾಶದ ಕೆಳಗೆ ಒಂದು ಕೋಳಿಗೂಡಿನಷ್ಟು.
ಇಂಚರ ತನ್ನ ಚೌಕದಲ್ಲಿ ಕೈ ಚಾಚಿ ನಿಂತು
ಎರಡೂ ಗೋಡೆ ಮುಟ್ಟುತ್ತೇನೆ ಅಂದಳು. ಮುಟ್ಟಲಿಲ್ಲ.
ಗವಿಸಿದ್ದ ಇಲ್ಲದ ಬಾಗಿಲಿಗೆ
ತಲೆ ಬಗ್ಗಿಸಿ ಒಳಗೆ ಬಂದ.
ಅತ್ತೆ ಮಾತ್ರ ಸೀರೆ ಎತ್ತಿ ಹಿಡಿದು
ಲಾಂಡ್ರಿ ದಾಟಿ, ಬಚ್ಚಲು ದಾಟಿ, ಗೋಡೆಗಳನ್ನು ಲೆಕ್ಕಿಸದೆ
ನೆಟ್ಟಗೆ ಅಡುಗೆಮನೆಗೆ ಹೋಗಿ ಕುಕ್ಕರಿಸಿದರು.
ಅಂಗೈಯಿಂದ ನೆಲ ಬಡಿದರು.
ತಪ್ ತಪ್.

ಹದಿನಾಲ್ಕು ಹೆಜ್ಜೆ ಆಚೆ, ನನ್ನ ಕೋಣೆಯಲ್ಲಿ
ಕೋಟಿನ ಕಾಲರು ಎತ್ತಿಕೊಂಡು ನಿಂತಿದ್ದೆ.
"ಕೇಳಸ್ತದೇನ?" ಕೂಗಿದರು.

ಮೊರಾಗ್ ಹೇಳಿರಲಾರಳು. ಇವರಿಬ್ಬರ ನಡುವೆ ಭಾಷೆಯೇ ಇಲ್ಲ.

"ಇಲ್ಲ" ಅಂದೆ.

ಅತ್ತೆ ತಿರುಗಿ ನೋಡಲಿಲ್ಲ.
ಮತ್ತೆ ಬಡಿದರು,
ಈ ಸಲ ಮೆಲ್ಲಗೆ.