ಜೇಬು

ಅಕ್ಕಲಕೋಟ ರೋಡಿನ ಶೆಡ್ಡಿನೊಳಗ
ಸಾಲಿ ಯೂನಿಫಾರ್ಮ್ ಮುಗಿದು ಕೈ ಖಾಲಿ ಇದ್ದಾಗ
ಬಂತು ಈ ಆರ್ಡರು:
ಕರೀ ನಿಲುವಂಗಿ, ಒಂದು ಸಾವಿರದ ಇನ್ನೂರು.
ಮುಂಬೈ ಕಡೆ ಯಾವುದೋ ಧಾರಾವಾಹಿಯಂತ,
ಅದರಾಗ ಕತ್ತಲರಾಯ ಅಂತ ಒಬ್ಬ ರಾಜ,
ಇವು ಅವನ ಕಾಲಾಳುಗಳಿಗೆ.
ನನ್ನ ಪಾಲಿಗೆ ನಾಲ್ಕುನೂರು.

ಹಸನಸಾಬ ನದಾಫ ಹದಿನಾರು ಪದರ ಅರಿವಿ ಹಾಸಿ
ಬ್ಲೇಡು ಬಿಟ್ಟ.
ಒಂದ ಸಲಕ್ಕ ಹದಿನಾರು ಮಂದಿ.
ಅಳತಿ ಮೂರೇ: ಸಣ್ಣ, ನಡು, ದೊಡ್ಡ.
ಹೆಸರಿನ ಪಟ್ಟಿ ಇಲ್ಲ.
ಸಾಲಿ ಹುಡುಗರಿಗಾದರೂ ಎದಿ ಮ್ಯಾಲ ಒಂದು ಬಿಲ್ಲೆ ಇರತದ.

ಸಂಜಿಗೆ ಕಸ್ತೂರಿ ಬಂದು ಗುಂಡಿ ಹಚ್ಚತಾಳ.
ಏಳನೇ ಇಯತ್ತೆ. ಕತಿ ಪುಸ್ತಕ ಓದಿ ಓದಿ
ತಲಿ ತುಂಬ ಪ್ರಶ್ನೆ.
"ಅವ್ವಾ, ಇವ ಗೆದ್ದರ ಜಗತ್ತಿಗೆಲ್ಲ ಕತ್ತಲ.
ಆ ಕತ್ತಲ ಈ ಕಾಲಾಳುಗಳ ಮನಿಗೂ ಬರತದಲ್ಲ?
ಮತ್ತ್ಯಾಕ ಬಡದಾಡತಾರ?"

ನನಗೇನು ಗೊತ್ತು. ಕೊಳ್ಳಪಟ್ಟಿ ಗೊತ್ತು ನನಗ.
ಪಗಾರ ಇರಬೇಕು, ಅಂದೆ.
"ಪುಸ್ತಕದಾಗ ಅವರು ರೊಕ್ಕ ಎಣಿಸೂದು ನಾ ಒಮ್ಮೆನೂ ನೋಡಿಲ್ಲ."
ಹಂಗಾದರ ಅಂಜಿಕಿ.
"ಅಂಜಿದವರು ಅಷ್ಟು ಜೋರಲೆ ಒದರತಾರ?"
ಗುಂಡಿ ನೋಡಿ ಹಚ್ಚು, ಅಂದೆ.

ಅಕಿಗೆ ನನ್ನಪ್ಪನ ಸುದ್ದಿ ಹೇಳಲಿಲ್ಲ.
ಗಿರಣಿ ಸಂಪಿನ ವರ್ಷ ಮಾಲಕ ಹೊಸ ಕಾವಲುಗಾರರನ್ನ ಹಿಡದ.
ಖಾಕಿ ಅಂಗಿ, ಬೂಟು, ಬೆತ್ತಕ್ಕ ಹಿತ್ತಾಳಿ ಕಟ್ಟು.
ಅಪ್ಪ ಆ ರಾತ್ರಿ ಬೂಟು ಹಾಕ್ಕೊಂಡೇ ಮಲಗಿದ.
ಅಲ್ಲೀತನಕ ಓಣ್ಯಾಗ ಅವ "ಏ ಮಲಕ್ಯಾ."
ಮರುದಿನ ಪಾನಿನ ಅಂಗಡಿಯವ ಎದ್ದು ನಿಂತು
"ಜಮಾದಾರ್ರ, ಬರ್ರಿ" ಅಂದ.

ಮೂರನೇ ವಾರ ಗೇಟಿನ ಮುಂದ
ಬೆತ್ತ ಬಿದ್ದದ್ದು ಸಿದ್ರಾಮ ಕಾಕಾನ ಮೊಳಕೈಗೆ.
ನಮ್ಮ ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ.
ನನಗ ಸೂಜಿಗೆ ದಾರ ಪೋಣಿಸೂದು ಕಲಿಸಿದವ.
ಅಪ್ಪ ಮನಿಗೆ ಬಂದ, ಭಕ್ರಿ ಮುರದ,
ಶೇಂಗಾ ಹಿಂಡಿ ಕಲಸಿಕೊಂಡ,
"ಉಪ್ಪು ಹೆಚ್ಚಾಗ್ಯಾದ" ಅಂದ. ಅಷ್ಟ.
ಕಂದೀಲದ ಬೆಳಕಿನಾಗ ಅವನ ಮಾರಿ ಮ್ಯಾಲ
ನಾ ರಾಕ್ಷಸನ್ನ ಹುಡುಕಿದೆ, ಭಾಳ ಹೊತ್ತು.
ಮೀಸಿಗೆ ಹಿಂಡಿ ಹತ್ತಿತ್ತು.

ಸ್ಯಾಂಪಲಿನಾಗ ಜೇಬು ಇರಲಿಲ್ಲ.
ತೊಂಬತ್ತು ಅಂಗಿ ಮುಗಿದ ಮ್ಯಾಲ
ಅದು ನನ್ನ ಕಣ್ಣಿಗೆ ಚುಚ್ಚಿತು.
ತಂಬಾಕದ ಪುಡಿಕಿ ಎಲ್ಲಿಡತಾನ ಇವ?
ಊರ ಕಡೆ ಹೊಳ್ಳೂ ಬಸ್ಸಿನ ರೊಕ್ಕ?
ಮಗಳ ಬಿದ್ದ ಹಲ್ಲು?
ಕತ್ತರಿಸಿ ಉಳಿದ ಚಿಂದಿಯೊಳಗ,
ಒಳಮಗ್ಗಲಿಗೆ, ಎಡಕ್ಕ,
ಎರಡು ಬೆರಳು ಹಿಡಿಯುವಷ್ಟು ಒಂದು ಇಟ್ಟೆ.
ಮುಂದಿನದಕ್ಕೂ ಇಟ್ಟೆ.
ಕಸ್ತೂರಿಗೆ ಖುಷಿ.
"ಹೊಳ್ಳಿ ಮನಿಗೆ ಹೋಗವರಿಗೇ ಅಲ್ಲೇನವ್ವಾ ಜೇಬು ಬೇಕಾಗೂದು?"

ಹನ್ನೊಂದನೇ ದಿನ ಸುಪರವೈಜರ ಬಂದ.
ಹುಡುಗ ಇನ್ನ, ಚಾಳೀಸು ಮೂಗಿನಿಂದ ಜಾರತಿತ್ತು.
ಅಂಗಿ ಒಳಗ ಕೈ ಹಾಕಿ ನೋಡಿ ಅಂದ:
"ಮಾವಶಿ, ಸ್ಯಾಂಪಲಿನಾಗ ಇದು ಇಲ್ಲಲ್ಲ.
ತಗದಬಿಡ್ರಿ. ನಾಳೆ ಗಾಡಿ ಬರತದ."
ಒದರಲಿಲ್ಲ. ಪಗಾರ ಮುರಕೊಳ್ಳತೀನಿ ಅನಲಿಲ್ಲ.
ಚಹಾ ಕುಡದ, ಕಪ್ಪು ತಾನ ತೊಳೆದಿಟ್ಟ, ಹೋದ.

ಹೊಲಿಗಿ ಬಿಚ್ಚೂ ಮುಳ್ಳು ಹಿಡಕೊಂಡು ಕೂತೆ.
ಮುನ್ನೂರಾ ಹತ್ತು ಜೇಬು.
ಕಸ್ತೂರಿ ಮಗ್ಗಲಾಗ ಕೂತು ದಾರ ಎಳದಳು.
ಕೇಳತಾಳ ಅಂತ ಕಾಯ್ದೆ.
ಉತ್ತರ ಕೂಡಿಸಲಿಕ್ಕೂ ನೋಡಿದೆ:
ದೀಪಾವಳಿ ಒಂಬತ್ತು ದಿನ ಅದ, ಇಲ್ಲಾ
ಹುಡುಗ ಎಷ್ಟು ಸಮಾಧಾನಲೆ ಮಾತಾಡಿದ ನೋಡಿದಿಲ್ಲೋ.
ಅಕಿ ಕೇಳಲಿಲ್ಲ.

ಗಡಿಯಾರ ಮೂರು ಹೊಡದಾಗ ಅಂದಳು:
"ಇನ್ನ ನಲವತ್ತು ಅದಾವ.
ನೀ ಮಲಗು, ನಾ ಬಿಚ್ಚತೀನಿ."

ಅಕಿ ಕೈ ನನಗಿಂತ ಚುರುಕ ಅದಾವ.