ಅಂಚಿನ ಉಂಡೆ

ಹೆಸರಿನ ಚೀಟಿ ಕಿತ್ತವನು ನಾನೇ.
ಉಳಿದ ಅಂಟನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ
ಹೊಸ ಚೀಟಿ ಹಚ್ಚಿದೆ: ಹದಿನೇಳು.
ಎರಡು ತಿಂಗಳ ಮೇಲೆ ಅದೇ ಗಾಜು ನಲವತ್ತೊಂದಾಯಿತು.
ಇದು ಗೊತ್ತಿದ್ದದ್ದು ನನಗೆ,
ನನ್ನ ಉದ್ದ ರಿಜಿಸ್ಟರಿಗೆ,
ಅದನ್ನಿಟ್ಟು ಕೀಲಿ ಹಾಕಿದ ಡ್ರಾಯರಿಗೆ.

ಕೋಲಾರದ ಈ ಮೂರನೇ ಮಹಡಿಯಲ್ಲಿ
ಕಿಟಕಿ ತೆಗೆದರೆ ಅಂತರಗಂಗೆ ಬೆಟ್ಟ,
ಹಾಕಿದರೆ ಫಾರ್ಮಲಿನ್.
ಅರವತ್ತು ಜನರ ಮೂತ್ರಪಿಂಡದ ಚೂರು,
ಒಂದೊಂದೂ ಶಾವಿಗೆ ಎಳೆಯ ತುಂಡಿನಷ್ಟು.
ಮೂರು ಮೈಕ್ರಾನಿಗೆ ಕೊಯ್ದು, ಬಿಸಿನೀರಲ್ಲಿ ತೇಲಿಬಿಟ್ಟು
ಗಾಜಿಗೆ ಎತ್ತಿಕೊಂಡು ಬಣ್ಣ ಕಟ್ಟಿದವನೂ ನಾನೇ.
ಬೆಳ್ಳಿಯಲ್ಲಿ ಕಪ್ಪು, ಇನ್ನೊಂದರಲ್ಲಿ ಬೀಟ್‌ರೂಟ್ ಕೆಂಪು.
ಒಳಗೆ ಸುರುಳಿ ಸುತ್ತಿದ ರಕ್ತನಾಳದ ಉಂಡೆಗಳು,
ಬೆಕ್ಕು ಆಡಿಬಿಟ್ಟ ನೂಲಿನ ಹಾಗೆ.

ಮೂವರು ಡಾಕ್ಟರು, ಮೂರು ಕೋಣೆ.
ಒಬ್ಬರು ಬರೆದದ್ದು ಇನ್ನೊಬ್ಬರು ಕೇಳುವಂತಿಲ್ಲ.
ಮಧ್ಯಾಹ್ನ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚಿ
ಉಪ್ಪಿನಕಾಯಿ, ಮಗಳ ಮಾರ್ಕ್ಸು, ಕೆಟ್ಟ ಲಿಫ್ಟು
ಎಲ್ಲ ಮಾತಾಡುತ್ತಾರೆ.
ಗಾಜಿನ ವಿಷಯ ಬಂದರೆ ಮೊಸರು ಕಲಸುತ್ತಾರೆ.

ಹದಿನೇಳರಲ್ಲಿ ಉಂಡೆ ಹನ್ನೆರಡು.
ಅಂಚಿನಲ್ಲಿ ಇನ್ನೊಂದು, ಅರ್ಧ ಕೊಯ್ದದ್ದು,
ಅಳಿಲು ಕಚ್ಚಿ ಬಿಟ್ಟ ಸೀಬೆಕಾಯಂತೆ.
ಫಿಲೋಮಿನಾ ಮೇಡಂ ತಮಿಳಿನಲ್ಲಿ ಪಿಸುಗುಟ್ಟಿ ಎಣಿಸುತ್ತಾರೆ;
ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.
ಹನ್ನೆರಡಕ್ಕೆ ಆರು ಕೆಟ್ಟಿವೆ. ಅರ್ಧ. ನಾಲ್ಕನೇ ದರ್ಜೆ.
ಬೈಚಪ್ಪ ಸರ್ ಹಿಡಿದರು.
ಹದಿಮೂರಕ್ಕೆ ಆರು. ಅರ್ಧಕ್ಕೆ ಕೂದಲೆಳೆ ಕಮ್ಮಿ. ಮೂರು.
ಶಾಹಿದಾ ಮೇಡಂಗೆ ಆ ಅರೆಯುಂಡೆಯಲ್ಲೇ ಊತ ಕಂಡಿತು.
ಹದಿಮೂರಕ್ಕೆ ಏಳು. ನಾಲ್ಕು.

ಸರಿ, ಮೂವರಿಗೆ ಆರು ಕಣ್ಣು, ಎಂದುಕೊಂಡೆ.
ಆಮೇಲೆ ನಲವತ್ತೊಂದು ಬಂತು.
ಈ ಸಲ ಫಿಲೋಮಿನಾ ಮೇಡಂ ಅಂಚಿನದನ್ನೂ ಎಣಿಸಿದರು,
ಅದೇ ಪಿಸುಮಾತು, ಒಂದು ಸಂಖ್ಯೆ ಜಾಸ್ತಿ.
ಮೂರು, ಎಂದು ಬರೆದು ಅದೇ ಪೆನ್ನಲ್ಲಿ ಸಹಿ ಹಾಕಿದರು.
ಟ್ರೇ ಹಿಡಿದು ನಿಂತಿದ್ದೆ. ಹೇಳುವಂತಿರಲಿಲ್ಲ.

ಕೊನೆಗೆ ಲೆಕ್ಕದವರು ಬಂದು ಎಲ್ಲ ಕೂಡಿ ಕಳೆದು
ಕಪ್ಪಾ ಸೊನ್ನೆ ಪಾಯಿಂಟ್ ನಾಲ್ಕು ಆರು ಎಂದರು.
ನನಗೆ ಕೇಳಿಸಿದ್ದು ಕಪ್ಪ,
ಸೋತ ಪಾಳೆಯಗಾರ ಗೆದ್ದವನಿಗೆ ಒಪ್ಪಿಸುವುದು.
ಇಲ್ಲಿ ಸೋತವರು ಯಾರು ಅಂತ ಕೇಳಲಿಲ್ಲ.
ಸಾಧಾರಣ ಹೊಂದಾಣಿಕೆ, ಪರವಾಗಿಲ್ಲ, ಎಂದು ಹೇಳಿ
ಟೀ ಕುಡಿದು ಹೋದರು.

ಹದಿನೇಳಕ್ಕೊಂದು ಹೆಸರಿತ್ತು.
ಗಂಗರತ್ನ, ಇಪ್ಪತ್ತಾರು, ಲೂಪಸ್.
ವಡ್ಡಹಳ್ಳಿ ಮಂಡಿಯಲ್ಲಿ ಟೊಮೆಟೊ ಆರಿಸುವವಳು.
ಪಾದ ಊದಿ ಚಪ್ಪಲಿ ಕೈಯಲ್ಲಿ ಹಿಡಿದು ಬಂದಿದ್ದಳು.
ರಿಪೋರ್ಟು ಎರಡೂ ಕೌಂಟರಿನ ಮೇಲೆ ಚಾಚಿ,
‘ಮೂರಾ ನಾಕಾ, ಅಣ್ಣಾ?’
ಡಾಕ್ಟರನ್ನು ಕೇಳಮ್ಮ ಎಂದೆ.
ಅವಳೇ ಅಂದಳು: ‘ಬೆಳಿಗ್ಗೆ ಆರಕ್ಕೆ
ಒಂದನೇ ನಂಬರ್ ಕ್ರೇಟಿಗೆ ನಾನೇ ಹಾಕಿದ ಹಣ್ಣು
ಹನ್ನೊಂದರ ಬಿಸಿಲಲ್ಲಿ ನೋಡಿದ್ರೆ ಎರಡನೇದು ಅನ್ನಿಸ್ತದೆ.
ಹಣ್ಣು ಅದೇ. ಕಣ್ಣೂ ನಂದೇ.’
ಸ್ವಲ್ಪ ಹೊತ್ತು ಬಿಟ್ಟು,
‘ಆದ್ರೆ ಅದು ಟೊಮೆಟೊ’ ಎಂದಳು.

ಅವತ್ತು ಸಂಜೆ ಮೂವರೂ ಒಂದೇ ಮೈಕ್ರೋಸ್ಕೋಪಿಗೆ ಕೂತರು.
ಅಂಚಿನ ಉಂಡೆಯ ಸುತ್ತ ಹಸಿರು ಬಾಣ
ನೊಣದ ಹಾಗೆ ಎದ್ದು ಎದ್ದು ಕೂತಿತು.
ಊತ ಅಂದರು. ಮಡಿಕೆ ಅಂದರು. ನಾನು ಕೊಯ್ದದ್ದೇ ಓರೆ ಇರಬಹುದು ಅಂದರು.
ಅದೂ ಇರಬಹುದು.
ಫಿಲೋಮಿನಾ ಮೇಡಂ ಕನ್ನಡಕ ತೆಗೆದು ಕಣ್ಣೊತ್ತಿಕೊಂಡು
‘ಪಿಳ್ಳಪ್ಪ, ಇನ್ನೂ ಕೆಳಗೆ ಕೊಯ್ಯೋಕೆ ಏನಾದ್ರೂ ಇದೆಯಾ?’ ಎಂದರು.

ಮೇಣದ ಬ್ಲಾಕು ಬೆಳಕಿಗೆ ಹಿಡಿದೆ.
ಕತ್ತರಿಸಿ ಬಿಸಾಡಿದ ಉಗುರಿನಷ್ಟು ಉಳಿದಿತ್ತು.
ಐಸಿನ ಮೇಲೆ ಹತ್ತು ನಿಮಿಷ ಮಕಾಡೆ ಇಟ್ಟೆ.
ಬ್ಲೇಡು ಹೊಸದು ಹಾಕಿ ಚಕ್ರ ತಿರುಗಿಸಿದೆ, ಉಸಿರು ಹಿಡಿದು;
ಉಸಿರು ಬಿಟ್ಟರೆ ಹಾರಿಹೋಗುವಂಥದ್ದು.
ರಿಬ್ಬನ್ನು ನೀರಿಗಿಳಿದು ಸುಕ್ಕು ಬಿಚ್ಚಿತು.
ಅಂಚಿನಲ್ಲಿ ದುಂಡಗೆ ಏನೋ.
ಗುಳ್ಳೆಯೂ ಇರಬಹುದು.
ಎಣಿಸುವುದು ನನ್ನ ಕೆಲಸವಲ್ಲ.
ಗಾಜು ತಗ್ಗಿಸಿ ಅದರಡಿ ತಂದೆ.