ಬಿಳಿ ಹನ್ನೊಂದು

ಇಲ್ಲಿ ಜುಲೈ ಅಂದರೆ ಚಳಿಗಾಲ.
ಟೊಕೊರೋವಾದ ಕಾಗದದ ಗಿರಣಿ ಬಿಟ್ಟ ಹೊಗೆ
ಪೈನ್ ಮರಗಳ ಮೇಲೆ ಹಿಂಡದ ಟವೆಲಿನ ಹಾಗೆ ಬಿದ್ದಿದೆ.
ಉಪೊಕೊಯಿನಾಳ ಗ್ಯಾರೇಜಿನಲ್ಲಿ
ಕಾರು ಹೊರಗೆ, ನಾವು ಒಳಗೆ:
ಏಳು ಹೆಂಗಸರು, ಒಂದು ಹೀಟರು,
ಐಸ್‌ಕ್ರೀಮ್ ಡಬ್ಬಿಗಳಲ್ಲಿ ಉಗುರಗಲದ ಬಟ್ಟೆಚೂರು.
ಕೌದಿ ಹೊಲಿಯುವುದು ಅಂದರೆ ನಮ್ಮ ದ್ವೀಪದವರಿಗೆ
ಮೊದಲು ಕಿವಿಯ ಕೆಲಸ, ಆಮೇಲೆ ಕೈಯದು.

ಮೆಟುವಾತಿನಿ ದೊಡ್ಡಮ್ಮ ಕಣ್ಣು ಮುಚ್ಚಿ ಹೇಳುತ್ತಾಳೆ:
ಕೆಂಪು ಮೂರು. ಬಿಳಿ ಒಂದು. ಹಸಿರು ಐದು.
ಹೇಳಿದ ಹಾಗೆ ದಾರಕ್ಕೆ ಪೋಣಿಸುತ್ತೇವೆ.
ಯಾರ ಕೈಯಲ್ಲೂ ಹೂವಿಲ್ಲ, ಸಾಲು ಮಾತ್ರ.
ಹೂವು ಪೂರ್ತಿ ಇರುವುದು ಅವಳ ತಲೆಯಲ್ಲಿ;
ಯಾವ ಕಾಗದದ ಮೇಲೂ ಇಲ್ಲ,
ಲೋಕಕ್ಕೆಲ್ಲ ಕಾಗದ ಮಾಡಿ ಕಳಿಸುವ ಈ ಊರಿನಲ್ಲಿ.
ಗಿರಣಿಯ ಕೂಲಿಗೆಂದು ನ್ಯೂಜಿಲೆಂಡಿಗೆ ಬಂದ ನಾವು
ಕಡಲು ದಾಟಿಸಿ ತಂದದ್ದು ಹೆಚ್ಚೇನಿಲ್ಲ, ಈ ಎಣಿಕೆ.

ಹಸಿರು ಐದಕ್ಕೆ ಅವಳು ನಿಲ್ಲುತ್ತಾಳೆ, ಯಾವಾಗಲೂ.
"ಈ ಹಸಿರು ಅಪ್ಪನ ಅಂಗಿಯದು. ಮೌಕೆಯಲ್ಲಿ
ಕಿತ್ತಳೆ ಪೆಟ್ಟಿಗೆ ಹೊತ್ತು ದಡದಲ್ಲಿ ಒಟ್ಟಿದ ವರ್ಷ
ಹಡಗು ಬರಲೇ ಇಲ್ಲ. ತಿಂಗಳೆಲ್ಲ ಕಿತ್ತಳೆಯೇ ಊಟ.
ಕೊನೆಗೆ ಹಂದಿಗಳೂ ಮುಖ ತಿರುಗಿಸಿದವು."
"ಅಂಗಿ ನೀಲಿ," ತಂಗಿ ಅಕಾಯಿತಿಯ ತಕರಾರು.
"ನೀನಿನ್ನೂ ಹುಟ್ಟಿರಲಿಲ್ಲ."
"ಹುಟ್ಟಿರಲಿಲ್ಲ. ಆದರೂ ನೀಲಿ."

ಮೊಮ್ಮಗ ತೆರೆಮೊವಾನಾನಿಗಾಗಿ ಈ ಕೌದಿ:
ಎಂಟು ವರ್ಷ ಕತ್ತರಿ ಕಾಣದ ಅವನ ಜಡೆಯನ್ನು
ನೆಂಟರೆಲ್ಲ ಒಂದೊಂದು ಎಳೆಯಾಗಿ ಕತ್ತರಿಸುವ ದಿನ
ಕುರ್ಚಿಗೆ ಹಾಸಲು.

ಆ ಶನಿವಾರ ಹದಿನಾರನೇ ಸಾಲು.
ಕೆಂಪು ಮೂರು, ಅಂದಳು. ಬಿಳಿ, ಅಂದಳು.
ಹೀಟರು ಟಿಕ್ ಟಿಕ್ ಅನ್ನುತ್ತಿತ್ತು.
ಬಿಳಿ. ಬಿಳಿ.
ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತಿದ್ದ ನನಗೂ ಗೊತ್ತಾಯಿತು
ಅಲ್ಲಿ ಬರಬೇಕಾದ್ದು ಕೆಂಪು ಎಂದು.
ಉಪೊಕೊಯಿನಾ ನನ್ನನ್ನು ನೋಡಿದಳು. ನಾನು ಡಬ್ಬಿ ನೋಡಿದೆ.
ವಾದಕ್ಕೆಂದೇ ಹುಟ್ಟಿದ ಅಕಾಯಿತಿ, ಅವಳೇ,
ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು
ಮೊದಲನೆಯ ಬಿಳಿ ಪೋಣಿಸಿದಳು.
ಅವಳಕ್ಕ ಹೇಳಿದಷ್ಟನ್ನೂ ಪೋಣಿಸಿದೆವು. ಹನ್ನೊಂದು.

ಸಾಲುಗಳು ಕೂಡಿದಾಗ ನಾಲ್ಕನೇ ಹೂವಿಗೆ
ಒಂದು ಎಸಳು ಇರಲಿಲ್ಲ.
ಹುಡುಗ ಅದರ ಮೇಲೆಯೇ ಕೂತು
ಜಡೆ ಹೋದದ್ದಕ್ಕೆ ಅತ್ತ, ಮಡಿಲಿಗೆ ದುಡ್ಡು ಬಿದ್ದದ್ದಕ್ಕೆ ನಕ್ಕ.
ಸೆಪ್ಟೆಂಬರಿನಲ್ಲಿ ದೊಡ್ಡಮ್ಮ ಹೋದಳು.

ಈ ವರ್ಷದ ಚಳಿಯಲ್ಲಿ ನನ್ನ ಮಗಳು ಮಾರೆವಾ
ಕೌದಿಯನ್ನು ನೆಲಕ್ಕೆ ಹಾಸಿ, ಬೆರಳಿಟ್ಟು, ಗಟ್ಟಿಯಾಗಿ
ಎಣಿಸಿ ಕಲಿಯುತ್ತಿದ್ದಾಳೆ.
ಹದಿನಾರನೇ ಸಾಲು. ಕೆಂಪು ಮೂರು, ಬಿಳಿ ಹನ್ನೊಂದು.
"ಮಾರೆವಾ, ಅದು..." ಅಂದೆ.
ಅಕಾಯಿತಿಯ ಕತ್ತರಿ ಬರಿಗಾಳಿಯಲ್ಲಿ ಒಮ್ಮೆ ಕಚಕ್ ಅಂದಿತು.
"ಇಷ್ಟುದ್ದ ಬಿಳಿ," ಅಂದಳು ಮಗಳು,
"ಇಲ್ಲೂ ಹಸಿರಿನ ಹಾಗೆ ನಿಲ್ಲಬೇಕಾ?"

ಹೌದು, ಅಂದೆ.
ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.